ತಂತಿ ಮುಟ್ಟದ ಬ್ರಷ್ಷು

ಸಂಜೆಯ ಊಟವಾದ ಮೇಲೆ ಆ ಮನೆಯ ಬಚ್ಚಲಲ್ಲಿ ನಡೆಯುತ್ತಿದ್ದ ಘನಕಾರ್ಯವನ್ನು ಯಾರಾದರೂ ಕಿಟಕಿಯಿಂದ ಇಣುಕಿ ನೋಡಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಒಬ್ಬ ಮುದುಕ ಒಳಗಿನಿಂದ ಚಿಲಕ ಹಾಕಿಕೊಂಡು, ತನ್ನ ಹಲ್ಲುಸೆಟ್ಟನ್ನು ಬಾಯಿಂದ ತೆಗೆದು ಎಡಗೈಯಲ್ಲಿ ಹಿಡಿದು, ಮೊಮ್ಮಗಳ ಪುಟ್ಟ ನೀಲಿ ಬ್ರಷ್ಷಿನಿಂದ ಗಸಗಸ ಉಜ್ಜುತ್ತಿದ್ದ. ಹಲ್ಲುಸೆಟ್ಟು ಉಜ್ಜುವುದರಲ್ಲಿ ತಪ್ಪೇನಿಲ್ಲ, ಅದಕ್ಕೂ ಸ್ನಾನ ಬೇಕಲ್ಲ. ಆದರೆ ಅವನ ಸ್ವಂತ ಬ್ರಷ್ಷು ಪಕ್ಕದ ಲೋಟದಲ್ಲಿ ಒಣಗಿಕೊಂಡು ನಿಂತಿತ್ತು. ಮೊಮ್ಮಗಳ ಬ್ರಷ್ಷು ಒದ್ದೆಯಾಗಬೇಕು, ಅದರ ಕೂದಲು ಸವೆಯಬೇಕು, ಅದರಿಂದ ಪೇಸ್ಟಿನ ವಾಸನೆ ಬರಬೇಕು. ಅದಕ್ಕೇ ಈ ಸಾಹಸ. ಇಸ್ಸಿ ಅನ್ನಬೇಡಿ, ಆಮೇಲೆ ಬಿಸಿನೀರಲ್ಲಿ ಚೆನ್ನಾಗಿ ತೊಳೆದೇ ಇಡುತ್ತಿದ್ದ.

"ಅಜ್ಜ, ಆಯ್ತಾ? ಎಲೆ ಹಾಕಿಬಿಟ್ಟೆ!" ಎಂದು ಮೊಮ್ಮಗಳು ಹಜಾರದಿಂದ ಕೂಗುತ್ತಿದ್ದಳು. ಎಲೆ ಎಂದರೆ ಇಸ್ಪೀಟಿನ ಎಲೆ. ಹಲ್ಲುಜ್ಜಬೇಕಾದವಳು ಇಸ್ಪೀಟು ಕಲೆಸುತ್ತ ಕೂತಿದ್ದಳು, ಉಜ್ಜಿಸಬೇಕಾದವನು ಕಳ್ಳಸಾಕ್ಷಿ ತಯಾರಿಸುತ್ತಿದ್ದ.

ಈ ಅಜ್ಜನನ್ನು ಎಲ್ಲರ ಮನೆಯ ಮೆತ್ತನೆಯ ಅಜ್ಜಂದಿರ ಸಾಲಿಗೆ ಸೇರಿಸಬೇಡಿ. ಮೀಸೆ ಕಪ್ಪಗಿದ್ದಾಗಿನಿಂದ ಪೂರ್ತಿ ಬೆಳ್ಳಗಾಗುವವರೆಗೆ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡಿದವನು. ಇವನು ಹತ್ತಿದನೆಂದರೆ ಬಸ್ಸಿಗೆ ಬಸ್ಸೇ ಬಾಯಿ ಮುಚ್ಚಿಕೊಳ್ಳುತ್ತಿತ್ತು. ನಿದ್ದೆ ಬಂದವರಂತೆ ಕಣ್ಣು ಮುಚ್ಚುವವರು, ಇಲ್ಲದ ಟಿಕೆಟ್ಟಿಗಾಗಿ ಜೇಬೆಲ್ಲ ತಡಕಾಡುವವರು, "ಈಗಷ್ಟೇ ಹತ್ತಿದೆ ಸಾರ್" ಎಂದು ಹಲ್ಲು ಕಿರಿಯುವವರು, ಎಲ್ಲರನ್ನೂ ಮುಖ ನೋಡಿಯೇ ಹೇಳಿಬಿಡುತ್ತಿದ್ದ. ಒಂದು ಸಲ ಅವನ ಸ್ವಂತ ಮಗಳು, ಆಗಿನ್ನೂ ಶಾಲೆಗೆ ಹೋಗುತ್ತಿದ್ದವಳು, ಪಾಸು ಮನೆಯಲ್ಲಿ ಮರೆತು ಬಸ್ಸು ಹತ್ತಿದ್ದಳು. "ಅಪ್ಪ, ನಾನು" ಎಂದಳು. "ಇಲ್ಲಿ ಅಪ್ಪ ಇಲ್ಲ, ಇಳಿ" ಎಂದು ನಡುದಾರಿಯಲ್ಲಿ ಇಳಿಸಿಬಿಟ್ಟ. ಅವಳು ಬಿಸಿಲಲ್ಲಿ ನಡೆದು ಬಂದು, ತುಟಿಪಿಟಕ್ಕೆನ್ನದೆ ಚೀಲ ಮೂಲೆಗಿಟ್ಟು ಮಲಗಿದ್ದಳು. ಇವನೋ, ಡಿಪೋದಲ್ಲಿ ಆ ಕತೆಯನ್ನು ಎದೆಯುಬ್ಬಿಸಿಕೊಂಡು ಹೇಳಿದ್ದೇ ಹೇಳಿದ್ದು. ಥೂ, ಅವನ ಬುದ್ಧಿಗಿಷ್ಟು! ಈಗ ವಯಸ್ಸಾದ ಮೇಲೆ, ಹೆಂಡತಿಯೂ ಹೋದ ಮೇಲೆ, ಮಧ್ಯಾಹ್ನ ಮಲಗಿದರೆ ಆ ಬಿಸಿಲು ಕಣ್ಣಿಗೆ ಕಟ್ಟುತ್ತಿತ್ತು.

ಆ ಮಗಳೇ ಈಗ ಅವನನ್ನು ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುತ್ತಿದ್ದವಳು. ಅಳಿಯನಿಗೆ ದೂರದ ಕಾರ್ಖಾನೆಯಲ್ಲಿ ಕೆಲಸ, ರಜೆ ಸಿಕ್ಕಾಗ ಬಂದು ಹೋಗುತ್ತಿದ್ದ. ಮಗಳು ಒಂದು ದಿನಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದಳು. ಮಧ್ಯಾಹ್ನ ಹೊರಟರೆ ಪತ್ರಿಕೆ ಅಚ್ಚಿಗೆ ಹೋದ ಮೇಲೇ ಮನೆಗೆ ಬರುವುದು, ಅಷ್ಟು ಹೊತ್ತಿಗೆ ಹುಡುಗಿ ಮಲಗಿರುತ್ತಿದ್ದಳು. ಮಲಗಿದ ಮಗುವಿನ ಬಾಯಿ ಬಿಡಿಸಿ ನೋಡುವುದು ಹೇಗೆ? ಆದ್ದರಿಂದ ಬಚ್ಚಲಿಗೆ ಹೋಗಿ ಬ್ರಷ್ಷು ಮುಟ್ಟಿ ನೋಡುತ್ತಿದ್ದಳು. ಒದ್ದೆಯಿದ್ದರೆ ನೆಮ್ಮದಿ. ಅದಕ್ಕೂ ಮೇಲೆ, ಅಪ್ಪ ಇದ್ದಾನಲ್ಲ! "ನಿಮ್ಮ ಕಣ್ಣು ತಪ್ಪಿಸಿ ಒಂದು ಸೊಳ್ಳೆನೂ ಬಸ್ ಹತ್ತಿರಲಿಲ್ಲ, ಇವಳೇನು ತಪ್ಪಿಸ್ತಾಳೆ" ಎಂದು ಅವಳು ನಗುತ್ತಿದ್ದಳು. ಆ ಮಾತು ಮೊದಮೊದಲು ಅಜ್ಜನಿಗೆ ಹಿತವಾಗಿತ್ತು. ಆಮೇಲಾಮೇಲೆ ಅದನ್ನು ಕೇಳಿದರೆ ಏನೋ ನೆಪ ಹೇಳಿ ಎದ್ದು ಹೋಗುತ್ತಿದ್ದ.

ಮೊಮ್ಮಗಳನ್ನು ಅಜ್ಜ ಕರೆಯುತ್ತಿದ್ದದ್ದು ಪಿಟೀಲು ಎಂದು. ತೊಟ್ಟಿಲಲ್ಲಿದ್ದಾಗಿನಿಂದ ಕುಂಯ್ಯೋ ಎಂದು ಶುರುಮಾಡಿದರೆ ನಿಲ್ಲಿಸುವವಳೇ ಅಲ್ಲ, ಅದಕ್ಕೆ. ಅವಳ ಮುಂದಿನ ಹಲ್ಲುಗಳು ಜಾಗ ಸಾಲದ ಸೀಟಿನಲ್ಲಿ ಕೂತವರಂತೆ ಒಂದರ ಮೇಲೊಂದು ಏರಿಕೊಂಡಿದ್ದವು. ಹಲ್ಲಿನ ಡಾಕ್ಟರಮ್ಮ ಜಾಗ ಮಾಡುವುದಕ್ಕೆಂದು ಮೇಲಿನ ಸಾಲಿನಲ್ಲಿ ಎರಡು ಒಳ್ಳೆಯ ಹಲ್ಲುಗಳನ್ನೇ ಕಿತ್ತು, ಉಳಿದವುಗಳ ಮೇಲೆ ಪುಟ್ಟ ಪುಟ್ಟ ಗುಂಡಿ ಅಂಟಿಸಿ, ತಂತಿ ಹಾಯಿಸಿ ಕ್ಲಿಪ್ಪು ಹಾಕಿದ್ದಳು. ಜೊತೆಗೆ ಪಾಠವನ್ನೂ ಹೇಳಿದ್ದಳು. ಒಸಡಿನ ಅಂಚಿಗೆ ಬ್ರಷ್ಷನ್ನು ಓರೆಯಾಗಿ ಹಿಡಿದು ಉಜ್ಜಬೇಕು, ತಂತಿಯ ಮೇಲೊಂದು ಸಲ, ತಂತಿಯ ಕೆಳಗೊಂದು ಸಲ. ಆಮೇಲೆ ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂಥ ಒಂದು ಸಣ್ಣ ಬ್ರಷ್ಷನ್ನು ತಂತಿಯಡಿ ತೂರಿಸಿ ಗುಂಡಿಯ ಆಚೀಚೆ ಶುದ್ಧ ಮಾಡಬೇಕು. ಅಂಟುವ ಮಿಠಾಯಿ ಮುಟ್ಟಬಾರದು. ಕೂಳು ಸಿಕ್ಕಿಕೊಂಡು ಪಾಚಿ ಕಟ್ಟಿದರೆ ಒಸಡು ಊದುತ್ತದೆ, ಹಲ್ಲಿನ ಮೇಲೆ ಬಿಳಿಕಲೆ ಬೀಳುತ್ತದೆ, ಆ ಕಲೆ ಹೋಗುವುದಿಲ್ಲ. ಮಗಳು ಎಲ್ಲವನ್ನೂ ಕೇಳಿಸಿಕೊಂಡು ಅಪ್ಪನ ಕಡೆ ತಿರುಗಿ, "ಸಂಜೆದು ನಿಮ್ಮ ಜವಾಬ್ದಾರಿ" ಎಂದಿದ್ದಳು.

ಮೊದಲು ಎಲ್ಲ ಸರಿಯಾಗಿಯೇ ನಡೆದಿತ್ತು. ಒಂದು ಸಲ ತಂತಿ ಬಿಗಿ ಮಾಡಿಸಿಕೊಂಡು ಬಂದ ಸಂಜೆ ಪಿಟೀಲಿಗೆ ಬಾಯೆಲ್ಲ ನೋವು. ಬ್ರಷ್ಷು ತಾಗಿಸಿದರೆ ಚೀರಿದಳು. ಕನ್ನಡಿಯ ಮುಂದೆ ನಿಂತು ಮೂಗು ಸುರಿಸುತ್ತ, "ಅಜ್ಜ, ಇವತ್ತೊಂದಿನ ಬಿಟ್ಬಿಡು, ಪ್ಲೀಸ್" ಎಂದಳು. ಅಜ್ಜನ ಕರುಳು ಚುರ್ ಎಂದಿತು. ಇಡೀ ಜೀವಮಾನ ಯಾರ ಅಳುವಿಗೂ ಜಗ್ಗದವನು ಬೆಣ್ಣೆಯ ಹಾಗೆ ಕರಗಿಹೋದ. "ಹೋಗು, ಬಾಯಿ ಮುಕ್ಕಳಿಸ್ಕೊಂಡು ಮಲಗು" ಎಂದ. ಅವಳು ಅವನ ಸೊಂಟ ತಬ್ಬಿಕೊಂಡು, "ನೀನು ಎಷ್ಟು ಒಳ್ಳೆ ಅಜ್ಜ" ಎಂದಳು. ಅಂಥ ಮಾತನ್ನು ಅವನಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಮರುದಿನ ನೋವು ಹೋಗಿತ್ತು, ಆದರೆ ಅವಳು ಮತ್ತೆ ಕೇಳಿದಳು, ಇವನು ಮತ್ತೆ ಬಿಟ್ಟ. ಉಜ್ಜದೆ ಬಿಟ್ಟ ಒಸಡಿನಲ್ಲಿ ರಕ್ತ ಕಾಣಿಸಿಕೊಂಡಿತು. ರಕ್ತ ಬರುವಲ್ಲಿ ಉಜ್ಜಿದರೆ ಇನ್ನೂ ಗಾಯವಾದೀತೆಂದು ಇಬ್ಬರೂ ಸೇರಿ ತೀರ್ಮಾನಿಸಿದರು. ಬೆಳಗ್ಗೆ ಅವಳು ಶಾಲೆಯ ವ್ಯಾನಿನ ಹಾರನ್ನು ಕೇಳುತ್ತ ಎರಡು ಸಲ ಆಚೀಚೆ ಎಳೆದುಕೊಂಡರೆ ಮುಗಿಯಿತು. ಸಂಜೆ ಇಸ್ಪೀಟು.

ನಡುವೆ ಪರೀಕ್ಷೆ ಬಂದು ಡಾಕ್ಟರಮ್ಮನ ಹತ್ತಿರ ಒಂದು ಸಲ ಹೋಗುವುದು ತಪ್ಪಿತು. ಪಿಟೀಲು ತುಟಿ ಮುಚ್ಚಿಕೊಂಡು ನಗುವುದನ್ನು, ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುವುದನ್ನು ಕಲಿತಳು. ಕ್ಲಿಪ್ಪು ಕಾಣುತ್ತದೆಂಬ ನಾಚಿಕೆಯಿರಬೇಕು ಎಂದುಕೊಂಡಳು ಅವಳಮ್ಮ. ಅಜ್ಜನಿಗೆ ಗೊತ್ತಿತ್ತು. ಇಸ್ಪೀಟು ಆಡುವಾಗ ಅವಳು ಗೆದ್ದು ಜೋರಾಗಿ ನಕ್ಕರೆ ಆ ಕೆಂಪು ಒಸಡು ಕಾಣುತ್ತಿತ್ತು, ಇವನು ಕಣ್ಣು ಎಲೆಗಳ ಮೇಲಿಡುತ್ತಿದ್ದ.

ಆ ದಿನ ಬಂದೇಬಂತು. ಡಾಕ್ಟರಮ್ಮನದೊಂದು ಪದ್ಧತಿಯಿತ್ತು. ಕ್ಲಿಪ್ಪು ಹಾಕಿಸಿಕೊಂಡವರೆಲ್ಲ ಬರುವಾಗ ತಮ್ಮ ಬ್ರಷ್ಷುಗಳನ್ನು ತರಬೇಕು. ಬಾಯಿ ನೋಡುವ ಮೊದಲು ಅವಳು ಬ್ರಷ್ಷು ನೋಡುತ್ತಿದ್ದಳು. ಕಾಯುವ ಕೋಣೆಯಲ್ಲಿ ಮಕ್ಕಳೆಲ್ಲ ಟಿಕೆಟ್ ಹಿಡಿದ ಪ್ರಯಾಣಿಕರಂತೆ ಬ್ರಷ್ಷು ಹಿಡಿದು ಕೂತಿರುತ್ತಿದ್ದರು. ಅಜ್ಜ ಹೊಸ ಬ್ರಷ್ಷನ್ನು ತನ್ನ ಹಲ್ಲುಸೆಟ್ಟಿಗೆ ತಿಕ್ಕಿ ತಿಕ್ಕಿ ಸವೆಸಿದ್ದು ಇದಕ್ಕೇ. ಒಳ್ಳೆಯ ಕೆಲಸವನ್ನೇ ಮಾಡಿದ್ದೇನೆಂಬ ಧೈರ್ಯದಲ್ಲಿ ಅವನೂ ಮಗಳ ಜೊತೆ ಒಳಗೆ ಹೋಗಿ ಗೋಡೆಗೆ ಒರಗಿ ನಿಂತ.

ಡಾಕ್ಟರಮ್ಮ ಬ್ರಷ್ಷನ್ನು ದೀಪದ ಕೆಳಗೆ ಹಿಡಿದಳು, ತಿರುಗಿಸಿದಳು, ಹೆಬ್ಬೆರಳಿನಿಂದ ಕೂದಲನ್ನು ಸವರಿದಳು.

"ಇದು ತಂತಿ ಮುಟ್ಟಿಲ್ಲ" ಎಂದಳು.

"ಅಂದ್ರೆ?" ಮಗಳು ಕೇಳಿದಳು.

"ತಂತಿ ಮೇಲೆ ಉಜ್ಜಿದ್ರೆ ನಡುವಿನ ಸಾಲು ಸೀಳ್ಕೊಂಡು ಆಚೆ ಅರ್ಧ ಈಚೆ ಅರ್ಧ ಆಗುತ್ತೆ. ಇದು ನೋಡಿ, ಪೂರ್ತಿ ಒಂದೇ ಕಡೆ ಬಾಗಿದೆ. ಯಾವುದೋ ಅಗಲವಾದ, ನುಣ್ಣಗಿರೋ ವಸ್ತು ಉಜ್ಜಿದ್ದಾರೆ." ಸಣ್ಣ ಬ್ರಷ್ಷನ್ನೂ ಎತ್ತಿಕೊಂಡು ನಕ್ಕಳು. "ಇದಂತೂ ಇನ್ನೂ ಅಂಗಡೀಲೇ ಇರೋ ಹಾಗಿದೆ. ಬಾ ಮರಿ, ಬಾಯಿ ತೆಗಿ."

ಸಣ್ಣ ಬ್ರಷ್ಷು! ಅದನ್ನು ಒದ್ದೆ ಮಾಡಬೇಕೆಂದು ಅಜ್ಜನಿಗೆ ಒಂದು ದಿನವೂ ಹೊಳೆದಿರಲಿಲ್ಲ. ಆದರೆ ಪಿಟೀಲು ಬಾಯಿ ತೆರೆದ ಮೇಲೆ ಎಲ್ಲರೂ ಒಂದು ಗಳಿಗೆ ಬ್ರಷ್ಷನ್ನು ಮರೆತರು. ಒಸಡು ಊದಿಕೊಂಡು ಗುಂಡಿಗಳ ಮೇಲೆ ಹತ್ತಿ ಕೂತಿತ್ತು. ಡಾಕ್ಟರಮ್ಮ ಕಡ್ಡಿ ತಾಗಿಸಿದ್ದೇ ತಡ ರಕ್ತ ಜಿನುಗಿತು. ತಂತಿಯಡಿ ಬೆಳ್ಳನೆಯ ಅಂಟು ಪದರ ಪದರವಾಗಿ ಕೂತಿತ್ತು. ಮಗಳು ಕೈಯಿಂದ ಬಾಯಿ ಮುಚ್ಚಿಕೊಂಡಳು.

"ಹೀಗಿದ್ರೆ ನಾನು ಮುಂದುವರಿಸೋಕಾಗಲ್ಲ" ಎಂದಳು ಡಾಕ್ಟರಮ್ಮ. "ಮುಂದಿನ ತಿಂಗಳು ನೋಡ್ತೀನಿ. ಒಸಡು ಇಳಿದಿರಬೇಕು. ಇಳಿದಿಲ್ಲ ಅಂದ್ರೆ ತಂತಿ ಬಿಚ್ಚಿಹಾಕ್ತೀನಿ. ಹಲ್ಲು ಅರ್ಧಕ್ಕೇ ನಿಲ್ಲುತ್ತೆ, ಕಿತ್ತ ಎರಡು ಜಾಗದಲ್ಲಿ ಸಂದಿ ಹಾಗೇ ಇರುತ್ತೆ. ಕಲೆ ಬಿದ್ದ ಹಲ್ಲಿಗಿಂತ ಸಂದಿ ಇರೋ ಹಲ್ಲೇ ವಾಸಿ."

ಮಗಳು ಪಿಟೀಲಿನ ಭುಜ ಹಿಡಿದಳು. "ಬ್ರಷ್ ಏನಕ್ಕೆ ಉಜ್ಜಿದೆ? ನಿಜ ಹೇಳು."

ಪಿಟೀಲು ಅಜ್ಜನ ಕಡೆ ನೋಡಲಿಲ್ಲ. ನೋಡಿದ್ದರೆ ಅವನು ಅಲ್ಲೇ ಒಪ್ಪಿಕೊಂಡುಬಿಡುತ್ತಿದ್ದನೋ ಏನೋ. ಅವಳು ತನ್ನ ಕಾಲು ನೋಡಿಕೊಂಡು, "ಶೂಗೆ" ಎಂದಳು. "ನಾನೇ ಅಮ್ಮ. ಅಜ್ಜನಿಗೆ ಗೊತ್ತಾಗದ ಹಾಗೆ."

"ಸುಳ್ಳುಬುರುಕಿ! ಅಜ್ಜನ ಕಣ್ಣಿಗೇ ಮಣ್ಣೆರಚಿದ್ಯಾ? ನಾನು ದಿನಾ ಬಂದು ಆ ಬ್ರಷ್ ಮುಟ್ಟಿ ನೋಡಿ ಖುಷಿಪಡ್ತಿದ್ನಲ್ಲೇ, ಪೆದ್ದಿ ಹಾಗೆ!"

ಅಜ್ಜ ಬಾಯಿ ತೆರೆದ. ಹೇಳಬೇಕೆಂದೇ ತೆರೆದ. ಬಂದದ್ದು ಕೆಮ್ಮು. ಸಹಾಯಕಿ ಅವನಿಗೆ ನೀರು ಕೊಟ್ಟು ಕುರ್ಚಿ ಎಳೆದು ಕೂರಿಸಿದಳು. "ಪಾಪ, ಅಜ್ಜ ಗಾಬರಿಯಾಗಿದ್ದಾರೆ" ಎಂದಳು. ಮಗುವನ್ನು ಎಲ್ಲರೆದುರು ಸುಳ್ಳಿಯೆಂದು ಬೈಯುತ್ತಿದ್ದರೆ ಇವನು ಕೂತು ನೀರು ಕುಡಿದ.

ಬಸ್ಸಿನಲ್ಲಿ ಮಗಳು ಅವನ ಪಕ್ಕದಲ್ಲಿ ಕೂತಳು, ಪಿಟೀಲು ಹಿಂದಿನ ಸೀಟಿನಲ್ಲಿ ಒಬ್ಬಳೇ. "ಮನಸ್ಸಿಗೆ ಹಚ್ಕೋಬೇಡಿ ಅಪ್ಪ" ಎಂದಳು ಮಗಳು. "ನಿಮ್ಮನ್ನೇ ಯಾಮಾರಿಸಿದಾಳೆ ಅಂದ್ರೆ ಅವಳು ಎಂಥ ಕಿಲಾಡಿ ಇರಬೇಕು."

ಮರುದಿನ ಮಗಳು ಕೆಲಸಕ್ಕೆ ಹೋದ ಮೇಲೆ ಅವನು ಪಿಟೀಲನ್ನು ಹತ್ತಿರ ಕರೆದ. "ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಅಮ್ಮ ನಿನ್ನ ಜೊತೆ ಮಾತು ಬಿಡ್ತಾಳೆ. ನನ್ನ ಜೊತೆ ಬಿಟ್ರೆ ಎಷ್ಟು ದಿನ ಇರ್ತಾಳೆ? ನಾನು ಮಗಳು."

"ನಾಳೆ ನಾನೇ ಹೇಳ್ತೀನಿ."

"ಹೇಳು" ಎಂದಳು ಅವಳು. ಆದರೆ ಆ ನಾಳೆ ಬರಲಿಲ್ಲ. ಬೆಳಗ್ಗೆ ಮಗಳಿಗೆ ತಲೆನೋವು ಎಂದು ಬಿಟ್ಟ, ಆಮೇಲೆ ಅಳಿಯ ಬಂದಿದ್ದಾನೆಂದು ಬಿಟ್ಟ, ಆಮೇಲೆ ಮೊದಲು ಒಸಡು ವಾಸಿಯಾಗಲಿ ಎಂದು ಬಿಟ್ಟ. ನೆಪಕ್ಕೇನು ಬರವೇ? ಟಿಕೆಟ್ಟಿಲ್ಲದವರು ಹೇಳುತ್ತಿದ್ದ ನೆಪಗಳೆಲ್ಲ ಅವನ ತಲೆಯಲ್ಲಿ ಭದ್ರವಾಗಿದ್ದವು, ಒಂದೊಂದನ್ನೇ ತೆಗೆದು ತನಗೆ ತಾನೇ ಹೇಳಿಕೊಂಡ.

ಹೇಳುವ ಧೈರ್ಯ ಇಲ್ಲದಿದ್ದರೂ ದುಡಿಯುವುದಕ್ಕೆ ಹಿಂದೆ ಬೀಳಲಿಲ್ಲ. ಸಂಜೆಯಾದರೆ ಬಚ್ಚಲಲ್ಲಿ ಪಿಟೀಲನ್ನು ಎತ್ತರದ ಸ್ಟೂಲಿನ ಮೇಲೆ ಕೂರಿಸಿ, ಕನ್ನಡಕ ಏರಿಸಿಕೊಂಡು, ಟಾರ್ಚು ಹಿಡಿದು ನಿಲ್ಲುತ್ತಿದ್ದ. ಬ್ರಷ್ಷನ್ನು ಒಸಡಿಗೆ ಓರೆಯಾಗಿ ಇಟ್ಟು ಮೆಲ್ಲಗೆ ಅಲುಗಿಸುತ್ತಿದ್ದ. ತಂತಿಯ ಮೇಲೆ, ತಂತಿಯ ಕೆಳಗೆ, ಒಳಬದಿ. ಆಮೇಲೆ ಸಣ್ಣ ಬ್ರಷ್ಷು ಒಂದು ಗುಂಡಿಯಿಂದ ಇನ್ನೊಂದು ಗುಂಡಿಗೆ. ಅವಳು ಚೀರುತ್ತಿದ್ದಳು. ಬೇಸಿನ್ನಿಗೆ ಉಗುಳಿದರೆ ಕೆಂಪು. ಅವಳು ಅತ್ತರೂ ಬಿಡುವ ಹಾಗಿರಲಿಲ್ಲ, ಏಕೆಂದರೆ ರಕ್ತ ಬರುವ ಜಾಗವೇ ಹೆಚ್ಚು ಶುದ್ಧ ಬೇಡುವ ಜಾಗವೆಂದು ಡಾಕ್ಟರಮ್ಮ ಖಂಡಿತವಾಗಿ ಹೇಳಿ ಕಳಿಸಿದ್ದಳು.

"ಅಜ್ಜ," ಒಂದು ಸಂಜೆ ಅವಳು ಉಪ್ಪುನೀರು ಮುಕ್ಕಳಿಸಿ ಉಗುಳಿ ಕೇಳಿದಳು, "ಮೊದ್ಲೇ ನೀನು ಬಿಡದೆ ಉಜ್ಜಿಸಿದ್ದಿದ್ರೆ ಈಗ ಇಷ್ಟು ನೋಯ್ತಿರ್ಲಿಲ್ಲ ಅಲ್ವಾ?"

ಅವಳು ಚುಚ್ಚಬೇಕೆಂದು ಕೇಳಿದ್ದಲ್ಲ, ತಿಳಿದುಕೊಳ್ಳಬೇಕೆಂದು ಕೇಳಿದ್ದು. "ಹೌದು ಕಣೇ" ಎಂದ ಅಜ್ಜ. ಒಳ್ಳೆಯ ಅಜ್ಜ ಅನ್ನಿಸಿಕೊಳ್ಳುವ ಚಪಲಕ್ಕೆ ಮಗುವಿನ ಬಾಯನ್ನು ಹುಣ್ಣು ಮಾಡಿಟ್ಟೆನಲ್ಲ ಎಂದು ಅವನಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಅಂದಿನಿಂದ ಇಸ್ಪೀಟಿನ ಕಟ್ಟು ಕಪಾಟಿನಿಂದ ಕೆಳಗಿಳಿಯಲಿಲ್ಲ.

ದಿನ ಕಳೆದಂತೆ ಉಗುಳು ಗುಲಾಬಿಯಾಯಿತು, ಆಮೇಲೆ ಬೆಳ್ಳಗಾಯಿತು. ಒಸಡು ಇಳಿದು ಗುಂಡಿಗಳು ಮತ್ತೆ ಪೂರ್ತಿ ಕಂಡವು. ಬಾಯಿ ಸುಧಾರಿಸಿತು, ಮನೆ ಸುಧಾರಿಸಲಿಲ್ಲ. ಮಗಳಿಗೆ ಪಿಟೀಲಿನ ಯಾವ ಮಾತಿನ ಮೇಲೂ ನಂಬಿಕೆ ಉಳಿದಿರಲಿಲ್ಲ. ಹೋಂವರ್ಕ್ ಆಯ್ತಮ್ಮ ಎಂದರೆ, "ಹೌದಾ ಅಪ್ಪ?" ಹೊಟ್ಟೆನೋವು ಎಂದರೆ, "ನಿಜವಾ ಅಪ್ಪ?" ಅಜ್ಜ ಹೂಂ ಎಂದರೆ ಅದು ನಿಜ, ಇಲ್ಲದಿದ್ದರೆ ಸುಳ್ಳು. ಕಳ್ಳನ ಕೈಗೇ ಮುದ್ರೆ ಕೊಟ್ಟು ಕೂರಿಸಿದ್ದಳು, ಅವಳಿಗೇನು ಗೊತ್ತು! ಪ್ರತಿ ಸಲ ಹೂಂ ಎನ್ನುವಾಗ ಅಜ್ಜ ನೆಲ ನೋಡುತ್ತಿದ್ದ. ಪಿಟೀಲು ಪಿಟೀಲು ಕುಯ್ಯುವುದನ್ನೇ ನಿಲ್ಲಿಸಿದ್ದಳು. ಕೇಳಿದರೆ ಉತ್ತರ, ಇಲ್ಲದಿದ್ದರೆ ಇಲ್ಲ.

ತಿಂಗಳಾದ ಮೇಲೆ ಡಾಕ್ಟರಮ್ಮ ಬಾಯಿ ನೋಡಿ ಹುಬ್ಬೇರಿಸಿದಳು. "ಅಬ್ಬಾ! ಯಾರು ಮಾಡಿಸಿದ್ದು?"

"ನಮ್ಮಪ್ಪ" ಎಂದಳು ಮಗಳು.

"ಎಲ್ಲರ ಮನೇಲೂ ಇಂಥ ಒಬ್ಬರಿದ್ರೆ ನನ್ನ ಅರ್ಧ ಕೆಲಸ ಕಡಿಮೆ" ಎಂದು ಡಾಕ್ಟರಮ್ಮ ಅಜ್ಜನ ಕೈ ಕುಲುಕಿದಳು. ತಂತಿ ಉಳಿಯಿತು. ಒಂದೇ ಒಂದು ಹಲ್ಲಿನ ಮೇಲೆ ಅಕ್ಕಿನುಚ್ಚಿನಷ್ಟು ಬಿಳಿಕಲೆ ಬಿದ್ದಿತ್ತು, ಅದು ಇನ್ನು ಇರುವುದೇ. ಸಾಯುವವರೆಗೆ ನನ್ನ ಗುರುತು ಇವಳ ಬಾಯಲ್ಲಿ ಇರುತ್ತದೆ ಎಂದುಕೊಂಡ ಅಜ್ಜ.

ಮನೆಗೆ ಬಂದ ಮಗಳ ಕಾಲು ನೆಲದ ಮೇಲಿರಲಿಲ್ಲ. ಟೀ ಮಾಡುತ್ತ ಹೇಳಿದಳು, "ಆಫೀಸಲ್ಲಿ ಕರಡು ವಿಭಾಗ ಪೂರ್ತಿ ನನಗೇ ವಹಿಸ್ತೀವಿ ಅಂತಿದ್ದಾರೆ ಅಪ್ಪ. ಇವಳ ಕತೆ ನೋಡಿ, ಬೇಡ, ಬೆಳಗಿನ ಪಾಳಿ ಸಣ್ಣ ಕೆಲಸಕ್ಕೆ ಹಾಕಿ ಅಂತ ಕೇಳೋಣ ಅಂದ್ಕೊಂಡಿದ್ದೆ. ಈಗ ಒಪ್ಕೋತೀನಿ. ನೀವಿದ್ದೀರಲ್ಲ." ಎಷ್ಟೋ ವರ್ಷಗಳ ಮೇಲೆ ಮಗಳ ಮುಖದಲ್ಲಿ ಅಂಥ ಕಳೆ ಕಂಡಿದ್ದು. ಇನ್ನು ಹೇಳುವುದುಂಟೇ? ಹಲ್ಲು ಉಳಿಯಿತು, ಕೆಲಸ ಬಂತು, ಗುಟ್ಟು ಇಬ್ಬರ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗಲಿ ಎಂದು ಅಜ್ಜ ಗಟ್ಟಿಮನಸ್ಸು ಮಾಡಿಕೊಂಡ.

ಆ ಗಟ್ಟಿತನ ಶನಿವಾರದವರೆಗೆ ಬಾಳಿತು. ಅಂದು ಅರ್ಧ ದಿನದ ಶಾಲೆ ಮುಗಿಸಿ ಬಂದ ಪಿಟೀಲಿನ ಕೈಯಲ್ಲಿ ಒಂದು ಬಣ್ಣದ ಪೆನ್ಸಿಲ್ಲಿನ ಡಬ್ಬಿಯಿತ್ತು, ದೊಡ್ಡದು, ತಗಡಿನ ಮುಚ್ಚಳದ್ದು. ಮಗಳು ಕೆಲಸಕ್ಕೆ ಹೊರಡುವುದಕ್ಕೆ ಬಾಚಣಿಗೆ ಹಿಡಿದು ನಿಂತಿದ್ದಳು.

"ಯಾರದ್ದೇ ಅದು?"

"ನನ್ನದು. ಚಿತ್ರಕ್ಕೆ ಬಹುಮಾನ. ಟೀಚರ್ ಕೊಟ್ರು."

"ಯಾರದ್ದು ಅಂತ ಕೇಳಿದೆ."

"ಅಮ್ಮ, ನಿಜವಾಗ್ಲೂ."

ಮಗಳು ಅಜ್ಜನ ಕಡೆ ನೋಡಿದಳು. ಅವನಿಗೆ ಇದು ಗೊತ್ತಿರಲು ಸಾಧ್ಯವಿರಲಿಲ್ಲ, ಸುಮ್ಮನೆ ನಿಂತ. ಅವಳು ಬಾಚಣಿಗೆ ಕೆಳಗಿಟ್ಟು ಟೀಚರಿಗೆ ಫೋನು ಮಾಡಿದಳು. "ಇಲ್ಲ ಮೇಡಂ, ಸುಮ್ನೆ ಕೇಳ್ದೆ... ಹೌದಾ... ಬಹುಮಾನಾನೇನಾ... ಥ್ಯಾಂಕ್ಸ್." ಫೋನಿಟ್ಟು, "ಸರಿ, ಒಳಗಿಡು" ಎಂದಳು, ಅಷ್ಟೇ. ಪಿಟೀಲು ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಅದನ್ನು ತೆರೆದೂ ನೋಡಲಿಲ್ಲ. ಅವಳ ಗಲ್ಲ ಅದುರಿತು, ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು, ಆದರೆ ಸದ್ದು ಮಾಡಲಿಲ್ಲ. ಬಹುಮಾನ ತಂದ ಮಗು ಕಳ್ಳಿಯ ಹಾಗೆ ನಿಂತಿತ್ತು. ಅಜ್ಜನಿಗೆ ಅದನ್ನು ನೋಡಿ ತಡೆಯಲಾಗಲಿಲ್ಲ.

"ಶೂ ಅಲ್ಲ" ಎಂದ.

"ಏನಪ್ಪ?"

"ಆ ಬ್ರಷ್ಷು. ಶೂಗೆ ಉಜ್ಜಿದ್ದಲ್ಲ. ನನ್ನ ಹಲ್ಲುಸೆಟ್ಟಿಗೆ ಉಜ್ಜಿದ್ದು. ನಾನು."

ಮಗಳು ಅವನನ್ನೇ ನೋಡಿದಳು. ಆಮೇಲೆ ಅವಳ ಮುಖ ಮೃದುವಾಯಿತು. ಹತ್ತಿರ ಬಂದು ಅವನ ತೋಳು ಹಿಡಿದಳು. "ಅಪ್ಪ, ಅವಳನ್ನ ಉಳಿಸೋಕೆ ನೀವ್ಯಾಕೆ ಸುಳ್ಳು ಹೇಳ್ತೀರಾ?"

"ಸುಳ್ಳಲ್ಲ ಕಣೇ."

"ನನ್ನನ್ನೇ ಬಸ್ಸಿಂದ ಇಳಿಸಿದವರು ನೀವು. ನೀವು ಇಂಥದ್ದು ಮಾಡಿದ್ರಿ ಅಂತ ದೇವರೇ ಬಂದು ಹೇಳಿದ್ರೂ ನಾನು ನಂಬಲ್ಲ." ಅವಳು ಪಿಟೀಲಿನ ಕಡೆ ತಿರುಗಿದಳು. "ನೋಡಿದ್ಯಾ? ನಿನ್ನಿಂದ ನಮ್ಮಪ್ಪ ಜೀವನದಲ್ಲಿ ಮೊದಲ ಸಲ ಸುಳ್ಳು ಹೇಳೋ ಹಾಗಾಯ್ತು."

ಪಿಟೀಲು, ಆ ಹುಚ್ಚು ಹುಡುಗಿ, "ಹೌದಮ್ಮ, ಅಜ್ಜನದ್ದೇನಿಲ್ಲ" ಎಂದಳು.

ಅಜ್ಜನಿಗೆ ಮೈ ಪರಚಿಕೊಳ್ಳುವಂತಾಯಿತು. ನಿಜ ಹೇಳಿದರೆ ನಂಬುವವರಿಲ್ಲ! "ಸುಮ್ನಿರೇ ನೀನು!" ಎಂದು ಗದರಿದ. ಬಸ್ಸು ನಿಲ್ಲಿಸುತ್ತಿದ್ದ ಆ ಹಳೆಯ ದನಿಗೆ ಇಬ್ಬರೂ ಬೆಚ್ಚಿದರು. "ಕೇಳು. ಅವಳಿಗೆ ಬಾಯಿ ನೋಯ್ತು, ಅತ್ತಳು. ನಾನು ಬಿಡು ಅಂದೆ. ಮಾರನೇ ದಿನ ನೋವಿರಲಿಲ್ಲ, ಆದ್ರೂ ಬಿಡು ಅಂದೆ. ನೀನು ಬಂದು ಬ್ರಷ್ ಮುಟ್ಟಿ ನೋಡ್ತೀಯ ಅಂತ ಒದ್ದೆ ಮಾಡಿಟ್ಟೆ. ಡಾಕ್ಟರು ಸವೆದಿದ್ಯಾ ಅಂತ ನೋಡ್ತಾರೆ ಅಂತ ಸೆಟ್ಟಿಗೆ ತಿಕ್ಕಿದೆ. ಒಂದು ದಿನ ಒದ್ದೆ ಮಾಡೋದು ಮರೆತು ಮಲಗಿಬಿಟ್ಟಿದ್ದೆ. ನೀನು ಗೇಟು ತೆಗೆದ ಸದ್ದು ಕೇಳಿ ಎದ್ದು ಓಡಿದೆ. ಬಚ್ಚಲಲ್ಲಿ ನೀನು ಸಿಕ್ಕಿದೆ. ಏನಪ್ಪ ಇಷ್ಟೊತ್ತಲ್ಲಿ ಅಂದೆ ನೀನು. ಬಾಯ್ ಒಣಗ್ತು, ನೀರಿಗೆ ಬಂದೆ ಅಂದೆ ನಾನು. ನೀನು ನನಗೆ ಲೋಟ ತೊಳೆದು ನೀರು ಕೊಟ್ಟೆ. ನೆನಪಿದ್ಯಾ?"

ಮಗಳ ಕೈ ಅವನ ತೋಳಿನಿಂದ ಜಾರಿತು. ನೆನಪಿತ್ತು. ಅವಳ ಮುಖ ಬಿಳಿಚಿಕೊಳ್ಳುವುದನ್ನು ಅಜ್ಜ ನಿಂತು ನೋಡಿದ. ಕರಡು ತಿದ್ದುವ ಕಣ್ಣು, ಒಂದು ತಪ್ಪು ಸಿಕ್ಕಿತೆಂದರೆ ಹಿಂದಿನ ಸಾಲುಗಳನ್ನೆಲ್ಲ ಮತ್ತೆ ಓದುತ್ತದೆ. ಅವಳು ಓದುತ್ತಿದ್ದಳು.

"ಕ್ಲಿನಿಕ್ಕಲ್ಲಿ?" ಎಂದಳು. "ಅಷ್ಟು ಜನದ ಮುಂದೆ ನಾನು ಅವಳನ್ನ ಬೈತಿದ್ದಾಗ?"

"ಇದ್ದೆ. ಹೇಳಲಿಲ್ಲ."

"ಒಂದು ತಿಂಗಳಿಂದ?"

"ಹೇಳಲಿಲ್ಲ."

ಅವಳು ಕುರ್ಚಿಯ ಮೇಲೆ ಕುಸಿದಳು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅಜ್ಜನಿಗೆ. ಅವಳು ಬೈಯಲಿಲ್ಲ. ಪಿಟೀಲನ್ನು ಹತ್ತಿರಕ್ಕೆಳೆದುಕೊಂಡು, ಅವಳ ಕೂದಲಿಗೆ ಮುಖವಿಟ್ಟು ಸ್ವಲ್ಪ ಹೊತ್ತು ಕೂತಳು. ಆಮೇಲೆ ಯಾರಿಗೂ ಅಲ್ಲದ ಹಾಗೆ ಕೇಳಿದಳು, "ಹಾಗಾದ್ರೆ ನಾನು ಕೆಲಸಕ್ಕೆ ಹೋದ್ರೆ ಈ ಮನೇಲಿ ಯಾರನ್ನ ನಂಬ್ಲಿ?"

"ನನ್ನನ್ನ" ಎಂದಳು ಪಿಟೀಲು.

ಮಗಳು ತಲೆಯೆತ್ತಿದಳು.

"ನಾನು ಸುಳ್ಳು ಹೇಳಿದ್ದು ಅಜ್ಜನಿಗೋಸ್ಕರ. ಇನ್ಮೇಲೆ ಅಜ್ಜನಿಗೋಸ್ಕರಾನೂ ಹೇಳಲ್ಲ. ಈಗ ನನಗೆ ಉಜ್ಜೋಕೆ ಬರುತ್ತೆ. ನಾನೇ ಉಜ್ಕೋತೀನಿ, ನಾನೇ ಫೋನ್ ಮಾಡಿ ಹೇಳ್ತೀನಿ."

ಮಗಳು ಅವಳ ಕೆನ್ನೆ ಒರೆಸಿದಳು, ಪೆನ್ಸಿಲ್ ಡಬ್ಬಿಯ ಮುಚ್ಚಳ ತೆಗೆದು ಒಂದೊಂದು ಬಣ್ಣವನ್ನೂ ನೋಡಿದಳು. ಹೊತ್ತಾಗಿತ್ತು. ಎದ್ದು ಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ನಿಂತು ಪಿಟೀಲಿಗೆ ಬರ್ತೀನಿ ಎಂದು ಹೇಳಿ ಹೋದಳು. ಅಪ್ಪನ ಕಡೆ ತಿರುಗಲಿಲ್ಲ. ಎದೆಯ ಮೇಲಿನ ಕಲ್ಲು ಇಳಿಯುತ್ತದೆಂದು ಅಂದುಕೊಂಡಿದ್ದ ಅಜ್ಜನಿಗೆ ಅದು ಇಳಿದ ಹಾಗೇನೂ ಅನ್ನಿಸಲಿಲ್ಲ.

ಸಂಜೆ ಊಟವಾದ ಮೇಲೆ ಪಿಟೀಲು ತಾನೇ ಬಚ್ಚಲಿಗೆ ಹೋದಳು. ಅಜ್ಜ ಅಭ್ಯಾಸಬಲದಿಂದ ಟಾರ್ಚು ಹಿಡಿದು ಎದ್ದವನು, ಅವಳು ಕರೆಯದ್ದು ಕಂಡು ಮತ್ತೆ ಕೂತ. ನಲ್ಲಿಯ ಸದ್ದು, ಬ್ರಷ್ಷಿನ ಸದ್ದು, ಮುಕ್ಕಳಿಸುವ ಸದ್ದು ಕೇಳಿದ. ನಡುವೆ ಅವಳು ಒಮ್ಮೆ ಸ್ಸ್ ಎಂದಳು, ಆದರೆ ಕೈ ನಿಲ್ಲಿಸಲಿಲ್ಲ. ಹೊರಗೆ ಬಂದು ಅಮ್ಮನಿಗೆ ಫೋನು ಹಚ್ಚಿದಳು.

"ಉಜ್ಜಿದೆ ಅಮ್ಮ. ಸಣ್ಣ ಬ್ರಷ್ಷಲ್ಲೂ. ಕೆಳಗಿನ ಸಾಲಲ್ಲಿ ಒಂದು ಕಡೆ ಸ್ವಲ್ಪ ರಕ್ತ ಬಂತು... ಹೂಂ... ಹೂಂ... ಇಡ್ತೀನಿ."

ಫೋನಿಟ್ಟ ಮೇಲೆ ಅಜ್ಜ ಗಂಟಲು ಸರಿಮಾಡಿಕೊಂಡ. "ಅಮ್ಮ ಏನಂದ್ಲು?"

"ಸರಿ ಅಂದ್ಲು. ಹೊಸ ಕೆಲಸಕ್ಕೆ ಒಪ್ಕೊಂಡ್ಲಂತೆ."

"ಒಳ್ಳೇದಾಯ್ತು." ಅವನು ಟಾರ್ಚನ್ನು ಆರಿಸಿ ಹೊತ್ತಿಸಿ ಆರಿಸಿದ. "ನನ್ನನ್ನ ಕೇಳಿದ್ಲಾ?"

ಪಿಟೀಲು ಅವನ ಮುಖ ನೋಡಿದಳು. ಹೂಂ ಎಂದುಬಿಡುವುದು ಎಷ್ಟು ಸುಲಭವೆಂದು ಇಬ್ಬರಿಗೂ ಗೊತ್ತಿತ್ತು.

"ಇಲ್ಲ ಅಜ್ಜ" ಎಂದಳು.